ರಟ್ಟುವಿನ ಹೊಟ್ಟೆ ಮತ್ತು ನನ್ನ ಮೈದುನ

ನನ್ನ ಮೈದುನನಿಗೆ ಪುಸ್ತಕ ಬೈಂಡ್ ಮಾಡುವುದು ಬಿಟ್ಟರೆ ಬೇರೆ ಲೋಕವಿರಲಿಲ್ಲ. ಮದುವೆಯ ಮಾತೆತ್ತಿದರೆ ಸೂಜಿಗೆ ದಾರ ಪೋಣಿಸುತ್ತ ಕೂತುಬಿಡುತ್ತಿದ್ದ. ಅಂಥವನ ಅಂಗಡಿಗೆ ತಾನಾಗಿ ಬಂದು ಸೇರಿಕೊಂಡ ಬೆಕ್ಕು ರಟ್ಟು. ಬಣ್ಣವೂ ರಟ್ಟಿನದೇ, ಮಲಗುತ್ತಿದ್ದುದೂ ರಟ್ಟಿನ ಕಟ್ಟಿನ ಮೇಲೆಯೇ. ನಾನು ಅಲ್ಲೇ ಕೂತು ಹಾಳೆ ಮಡಚುತ್ತಿದ್ದೆ.

ಎರಡು ವರ್ಷದಿಂದ ಅದರ ಹೊಟ್ಟೆ ಸರಿಯಿರಲಿಲ್ಲ. ತಿಂದದ್ದನ್ನು ಕಕ್ಕುತ್ತಿತ್ತು, ಇಲ್ಲವೇ ಭೇದಿ. ನಾಲ್ಕು ಕಿಲೋ ಇದ್ದದ್ದು ಎರಡೂವರೆಗೆ ಇಳಿಯಿತು. ಇದು ಪೂರ್ತಿ ಹೋಗುವ ಕಾಯಿಲೆಯಲ್ಲ, ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಬೇಕು ಎಂದರು ಪ್ರಾಣಿಗಳ ಡಾಕ್ಟರಮ್ಮ. ಅವರು ಬರೆದುಕೊಟ್ಟ ಒಂದೇ ಆಹಾರ, ದಿನಕ್ಕೆ ನಾಲ್ಕು ಸಲ, ಸ್ವಲ್ಪಸ್ವಲ್ಪ. ಹಾಲಿನ ತೊಟ್ಟೂ ಬೇಡ. ಇನ್ನೂ ಇಳಿದರೆ ಉಳಿಯುವುದು ಕಷ್ಟ ಎಂದೂ ಹೇಳಿದರು.

ಮೈದುನ ಆ ದಿನವೇ ಬೆಕ್ಕಿಗೊಂದು ಪುಸ್ತಕ ಹೊಲಿದ. ತಿಂದದ್ದು, ಕಕ್ಕಿದ್ದು, ಮಲದ ಹದ, ಎಲ್ಲಕ್ಕೂ ಗೆರೆ ಎಳೆದ. ಪಕ್ಕದ ಕ್ಷೌರದಂಗಡಿಯವನು ಬಂದು ನೋಡಿ, ಇದಕ್ಕೆ ಚಿನ್ನದ ಅಕ್ಷರ ಹಾಕಲ್ವಾ ಎಂದು ಕೆಣಕಿದ.

ಮೂರು ವಾರದಲ್ಲಿ ಗುಣ ಕಂಡಿತು. ಆದರೆ ನಡುನಡುವೆ ಮತ್ತೆ ಅದೇ ಗೋಳು. ಯಾರೋ ಕದ್ದು ತಿನ್ನಿಸುತ್ತಿದ್ದಾರೆಂದು ಮೈದುನ ಎಲ್ಲರ ಮೇಲೂ ಕಣ್ಣಿಟ್ಟ. ನನ್ನನ್ನೂ ಬಿಡಲಿಲ್ಲ.

"ಅತ್ತಿಗೆ, ನೀವೇನಾದ್ರೂ ಹಾಲು ಹಾಕಿದ್ರಾ? ಬೇಜಾರು ಮಾಡ್ಕೊಳ್ಳಲ್ಲ, ನಿಜ ಹೇಳಿ."

"ನಿನ್ನ ಬೆಕ್ಕಿನ ದೆಸೆಯಿಂದ ನಾನೇ ಟೀಗೆ ಹಾಲು ಹಾಕೋದನ್ನ ನಿಲ್ಲಿಸಿದ್ದೀನಪ್ಪ," ಎಂದೆ. ಎರಡು ದಿನ ಅವನೊಡನೆ ಮಾತಾಡಲಿಲ್ಲ.

ಮೂರನೆಯ ದಿನ ಅವನು ಬೆಕ್ಕಿನ ಪುಸ್ತಕವನ್ನೂ ಆರ್ಡರ್ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು, ತಾರೀಕಿಗೆ ತಾರೀಕು ಬೆರಳಿಟ್ಟು ನೋಡಿದ. ದಪ್ಪ ರಿಜಿಸ್ಟರುಗಳಿಗೆ ಹೊದಿಕೆ ಅಂಟಿಸಿದ ಮರುದಿನವೇ ಹೊಟ್ಟೆ ಕೆಟ್ಟಿತ್ತು, ಒಂದು ಸಲವೂ ತಪ್ಪದೆ. ಅಂಥ ದಿನ ಮೈದಾ ಅಂಟು ಕಾಯಿಸಿ, ಆರಲೆಂದು ಬೋಗುಣಿಯನ್ನು ಮುಚ್ಚದೆ ಮೇಜಿನಡಿ ಇಡುವುದು ಅವನ ರೂಢಿ. ಅಂದೂ ಇಟ್ಟಿದ್ದ. ಬಗ್ಗಿ ನೋಡಿದರೆ ಅಂಟಿನ ಕೆನೆಯ ಮೇಲೆ ನಾಲಿಗೆಯ ಗೀರು.

"ಅತ್ತಿಗೆ, ಕಳ್ಳ ನಾನೇ," ಎಂದ.

ಅಂದಿನಿಂದ ಅಂಟಿಗೆ ಮುಚ್ಚಳ, ಮುಚ್ಚಳದ ಮೇಲೆ ಕಬ್ಬಿಣದ ತುಂಡು. ಬ್ರಷ್ ಕೂಡ ತೊಳೆದು ಗೋಡೆಗೆ ನೇತುಹಾಕಿದ. ಈಗಲೂ ಅಪರೂಪಕ್ಕೆ ಹೊಟ್ಟೆ ಕೆಡುವುದುಂಟು. ಪುಸ್ತಕ ತಿರುವಿ ಕಾರಣ ಹಿಡಿಯುತ್ತಾನೆ.

ಆರು ತಿಂಗಳಿಗೆ ಡಾಕ್ಟರಮ್ಮನ ತಕ್ಕಡಿಯಲ್ಲಿ ರಟ್ಟು ನಾಲ್ಕು ಕಿಲೋ ನೂರು ಗ್ರಾಂ ತೂಗಿತು. ಅವರು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೂ ಓದಿ, ಹೊರಗೆ ಬೆಂಚಿನ ಮೇಲೆ ಬಡಕಲು ಬೆಕ್ಕು ಹಿಡಿದು ಕೂತಿದ್ದ ಹೆಂಗಸನ್ನು ಕರೆದರು.

"ನನ್ನ ಔಷಧಿ ಆಮೇಲೆ. ಮೊದಲು ಇವರ ಹತ್ರ ಕೂತು ಕಲಿತ್ಕೊಳ್ಳಿ."

ಜನರ ಮುಂದೆ ನಾಲ್ಕು ಮಾತು ಕೂಡಿಸಲಾರದ ನನ್ನ ಮೈದುನ ಆ ಬೆಂಚಿನ ಮೇಲೆ ಒಂದು ಗಂಟೆ ಮಾತಾಡಿದ. ನಾನೇ ತೋಳು ಹಿಡಿದು ಎಬ್ಬಿಸಬೇಕಾಯಿತು.