ತೂಕ ಸರಿಯಾಗಿದ್ದ ಮಗು

ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ತೂಕ ಕಮ್ಮಿ ಬಂತು ಎಂದರೆ ಯಾರೋ ಕದ್ದಿದ್ದಾರೆ ಎಂದೇ ಲೆಕ್ಕ. ನೇಯಿಸುವ ಸಾಹುಕಾರ, ನಮ್ಮ ಮುದಲಾಳಿ, ರೇಷ್ಮೆಯನ್ನು ತೂಗಿ ಕೊಡುತ್ತಿದ್ದ, ನೇಯ್ದ ಸೀರೆಯನ್ನು ತೂಗಿ ತೆಗೆದುಕೊಳ್ಳುತ್ತಿದ್ದ. ಚೂರು ಕಡಿಮೆ ಬಂದರೂ ನಾಲ್ಕು ಜನರ ಮುಂದೆ ನಿಲ್ಲಿಸಿ ಕೇಳುತ್ತಿದ್ದ. ಅದಕ್ಕೇ ನಮ್ಮತ್ತೆ ಮನೆಯಲ್ಲೂ ಒಂದು ತಕ್ಕಡಿ ಇಟ್ಟುಕೊಂಡಿದ್ದಳು.

ತೊಂಬತ್ತರ ದಶಕದ ಒಂದು ವರ್ಷ ನಾನು ಚೊಚ್ಚಲ ಬಸುರಿ. ತಾಯಿ ಇಲ್ಲದ್ದರಿಂದ ಅತ್ತೆಮನೆಯಲ್ಲೇ ಹೆರಿಗೆ. ಹುಟ್ಟುವ ಮಕ್ಕಳ ತೂಕದ ಬಗ್ಗೆ ಅಧ್ಯಯನ ಮಾಡುವವರ ಕಡೆಯಿಂದ ಒಬ್ಬ ಹೆಂಗಸು ಬೀದಿಗೆ ಬರುತ್ತಿದ್ದಳು. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಮಗು, ಅಂಥದ್ದನ್ನು ದೊಡ್ಡಾಸ್ಪತ್ರೆಯಲ್ಲಿ ಬೆಚ್ಚಗಿಟ್ಟು ನೋಡಿಕೊಳ್ಳುತ್ತಾರೆ, ತಾಯಿ ಏನು ತಿಂದಳೆಂದು ವಿಚಾರಿಸುತ್ತಾರೆ ಎಂದು ತಮಿಳಿನಲ್ಲಿ ಬಿಡಿಸಿ ಹೇಳಿದಳು. ಅತ್ತೆಯ ತಲೆಯಲ್ಲಿ ಉಳಿದದ್ದು ಆ ವಿಚಾರಣೆ ಒಂದೇ.

ಏಳು ತಿಂಗಳು ತುಂಬಿದಾಗಿನಿಂದ ಅವಳು ನನ್ನ ತಟ್ಟೆಗೆ ಒಂದೇ ಹಿಡಿ ಅನ್ನ ಹಾಕುತ್ತಿದ್ದಳು. ಮಗು ದಪ್ಪವಾದರೆ ಹೆರಿಗೆ ಕಷ್ಟವಂತೆ. ಹೊಟ್ಟೆ ಚುರುಗುಟ್ಟುತ್ತಿದ್ದರೂ ರಾಟೆ ಮುಂದೆ ಕೂತು ನೂಲು ಸುತ್ತಬೇಕು; ಆಗ ಮಾತ್ರ ನನ್ನ ಕಷ್ಟ ಅವಳಿಗೆ ನೆನಪಾಗುತ್ತಿರಲಿಲ್ಲ.

ಹೆಣ್ಣು ಹುಟ್ಟಿತು. ಎತ್ತಿಕೊಂಡರೆ ಕೈಯಲ್ಲಿ ಏನೋ ಇದೆ ಅನ್ನಿಸುತ್ತಿರಲಿಲ್ಲ. ಮಧ್ಯಾಹ್ನ ಆ ಹೆಂಗಸು ಬಂದು ತೊಲೆಗೆ ತೂಕದ ಜೋಳಿಗೆ ನೇತುಹಾಕಿದಳು. ಮಗುವಿನ ಬಟ್ಟೆ ಬಿಚ್ಚಿ ಎಂದಿದ್ದಕ್ಕೆ, ಹಸುಗೂಸನ್ನು ಹೊರಗಿನವರ ಮುಂದೆ ಬರಿಮೈ ಮಾಡಿದರೆ ದೃಷ್ಟಿ ತಾಗುತ್ತದೆಂದು ಅತ್ತೆ ಅಡ್ಡ ನಿಂತಳು. ಸುತ್ತಿದ ಬಟ್ಟೆಯ ಸಮೇತ ತಾನೇ ಮಲಗಿಸಿದಳು, ತಾನೇ ಎತ್ತಿಕೊಂಡಳು. ಹೆಂಗಸು ಬಟ್ಟೆಯ ತೂಕವನ್ನು ಅಂದಾಜಿನಲ್ಲಿ ಕಳೆದು, ಮಗು ಸರಿಯಾಗಿದೆ ಎಂದು ನಕ್ಕಳು.

"ನಮ್ಮನೇಲಿ ಯಾವತ್ತೂ ತೂಕ ಕಮ್ಮಿ ಬಂದಿಲ್ಲಮ್ಮ" ಎಂದು ಅತ್ತೆ ಬಾಗಿಲವರೆಗೂ ಹೋಗಿ ಹೇಳಿದಳು.

ಹಾಲು ಕುಡಿಸಲು ಬಟ್ಟೆ ಬಿಚ್ಚಿದೆ. ಮಗುವಿನ ಕಾಲ ಬಳಿ, ಮಡಿಕೆಗಳ ಒಳಗೆ, ನಮ್ಮ ತಕ್ಕಡಿಯ ಅರ್ಧ ಕಿಲೋ ತೂಕದ ಕಲ್ಲು ಇತ್ತು. ಕಬ್ಬಿಣದ್ದು, ತಣ್ಣಗೆ ಕೊರೆಯುತ್ತಿತ್ತು. ಗಂಡನಿಗೆ ತೋರಿಸಿ, ಓಡಿಹೋಗಿ ತೂಗಿದ ಆ ಹೆಂಗಸನ್ನು ಕರೆದುಕೊಂಡು ಬನ್ನಿ ಎಂದು ಗೋಗರೆದೆ. ಅವರು ಮಗ್ಗದ ಗುಂಡಿಯಿಂದ ಮೇಲೇಳಲಿಲ್ಲ.

"ಸುಮ್ಕಿರು. ಮರ್ಯಾದೆ ಓಗ್ತೈತೆ."

ನಾನೇ ಎದ್ದು ಗೋಡೆ ಹಿಡಿದುಕೊಂಡು ಹೊಸ್ತಿಲವರೆಗೆ ಹೋದೆ. ಹಸಿ ಬಾಣಂತಿ ಹೊರಗೆ ಕಾಲಿಡಬಾರದೆಂದು ಅತ್ತೆ ಬಾಗಿಲು ಹಾಕಿದಳು.

ಮರ್ಯಾದೆ ಉಳಿಯಿತು. ಮಗು ಮಾರ್ಗಳಿ ತಿಂಗಳ ಚಳಿಯಲ್ಲಿ ಎದೆ ಕಟ್ಟಿ ಹೋಗಿಬಿಟ್ಟಿತು. ತೂಕ ಸರಿಯಾಗಿದ್ದ ಮಗುವಲ್ಲವೇ, ಅದುವರೆಗೆ ನೋಡಿಹೋಗಲು ಯಾರೂ ಬಂದಿರಲಿಲ್ಲ. ಸಾವಿಗೆ ಬಂದವರಿಗೆಲ್ಲ ಅತ್ತೆ, ತೂಕ ಸರಿಯಾಗೇ ಇತ್ತು, ತೂಗಿದವಳೇ ಹೇಳಿಹೋದಳು ಎನ್ನುತ್ತಿದ್ದಳು.

ಅತ್ತೆಯ ಮೇಲಿನ ನನ್ನ ಸಿಟ್ಟು ಇವತ್ತಿಗೂ ಆರಿಲ್ಲ. ಕಳ್ಳಿ ಅನ್ನಿಸಿಕೊಳ್ಳಲು ಅಷ್ಟು ಹೆದರಿದವಳು, ಮುದಲಾಳಿಯ ರೇಷ್ಮೆಯಲ್ಲಿ ಒಂದೆಳೆಯನ್ನೂ ಮುಟ್ಟಿದವಳಲ್ಲ. ಅವಳು ಕದ್ದದ್ದು ನನ್ನ ತಟ್ಟೆಯಿಂದ.