ರಾಜನ ಹನ್ನೆರಡು ಹೆಜ್ಜೆ

ನನ್ನ ಸೋದರಮಾವ ಜೀವನವಿಡೀ ನಡೆದೇ ಹೊಟ್ಟೆ ಹೊರೆದವರು. ಹಾಗಂತ ಅಂಚೆ ಹಂಚುವವರಲ್ಲ, ಗೇಟು ಕಾಯುವವರೂ ಅಲ್ಲ. ಸಿನಿಮಾದಲ್ಲಿ ಯಾರಾದರೂ ನಡೆದರೆ ಆ ಹೆಜ್ಜೆಯ ಸದ್ದು ಇವರದು. ಪರದೆಯ ಮೇಲೆ ನಾಯಕ ಓಡುತ್ತಿದ್ದರೆ, ಸ್ಟುಡಿಯೋದ ಕೋಣೆಯೊಳಗೆ ಮೈಕಿನ ಮುಂದೆ ಮಾವ ನಿಂತಲ್ಲೇ ಓಡುತ್ತಿರುತ್ತಾರೆ. ಅದರಲ್ಲೂ ಕಾರ್ಟೂನ್ ಸಿನಿಮಾ ಎಂದರೆ ಅವರಿಗೆ ಪಂಚಪ್ರಾಣ. "ಅಲ್ಲಿ ಯಾರಿಗೂ ಕಾಲೇ ಇಲ್ಲ ನೋಡು, ಬರೀ ಬಣ್ಣ. ನಾನು ಕೊಟ್ಟ ಮೇಲೇ ಅವರಿಗೆ ಕಾಲು ಬರೋದು" ಎನ್ನುತ್ತಾರೆ. ಸ್ಟುಡಿಯೋದಲ್ಲಿ ಅವರನ್ನು ಎಲ್ಲರೂ ಹೆಜ್ಜೆ ಮಾವ ಎಂದೇ ಕರೆಯುವುದು. ನಾನು ಅಲ್ಲಿ ಸದ್ದು ರೆಕಾರ್ಡ್ ಮಾಡುವವಳು. ಕೆಲಸಕ್ಕೆ ಸೇರಿಸಿದ್ದು ಅವರೇ, ಮೊದಲ ದಿನದಿಂದ ಬೈಯುತ್ತಿರುವುದೂ ಅವರೇ.

ಆ ಕೋಣೆಯ ನೆಲದಲ್ಲಿ ಚೌಕಾಕಾರದ ಗುಂಡಿಗಳಿವೆ. ಒಂದರಲ್ಲಿ ಮರಳು, ಒಂದರಲ್ಲಿ ಜಲ್ಲಿ, ಒಂದರಲ್ಲಿ ತರಗೆಲೆ, ಪಕ್ಕದಲ್ಲಿ ಕಿರುಗುಟ್ಟುವ ಹಲಗೆ, ಆಚೆಗೆ ಅಮೃತಶಿಲೆಯ ಎರಡು ಚಪ್ಪಡಿ. ಗೋಡೆಗೆ ಒರಗಿಸಿದ ಕಪಾಟಿನ ತುಂಬ ಹಳೇ ಚಪ್ಪಲಿ, ಬೂಟು. ಖಳನಾಯಕನಿಗೆ ನಿವೃತ್ತ ಕಾವಲುಗಾರನೊಬ್ಬನ ಬೂಟು, ಹಿಮ್ಮಡಿಗೆ ಒಂದು ಮೊಳೆ ಹೊಡೆದದ್ದು. ರಾಜನಿಗೆ ಮಾವನ ಮದುವೆಯ ಷೂ, ನಾಲ್ಕು ಸಲ ಅಟ್ಟೆ ಬದಲಾದದ್ದು. ರಾಣಿಗೆ ನಮ್ಮತ್ತೆಯ ಚಪ್ಪಲಿ. ಅದನ್ನು ಕೇಳದೆ ಎತ್ತಿಕೊಂಡು ಬಂದಿದ್ದರು. ಅತ್ತೆ ಒಂದು ವಾರ ಹುಡುಕಿ, ಕೆಳಮನೆಯವರ ಮೇಲೆ ಅನುಮಾನಪಟ್ಟು, ಕೊನೆಗೆ ಸಿನಿಮಾ ನೋಡುವಾಗ ರಾಣಿ ಅಂತಃಪುರಕ್ಕೆ ಬರುವ ಸದ್ದು ಕೇಳಿ ಪಕ್ಕದ ಸೀಟಿನಲ್ಲಿದ್ದ ಕಳ್ಳನನ್ನು ಹಿಡಿದರು.

ಅತ್ತೆಯ ಕಿವಿ ಅಂಥದ್ದು. ಅವರು ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮೂರನೇ ಮಹಡಿ, ಕಿಟಕಿಯ ಬೆಳಕಿಗೆ ಮಷಿನ್ನು, ಬಾಗಿಲಿಗೆ ಬೆನ್ನು. ಮೆಟ್ಟಿಲ ಸದ್ದಿನಲ್ಲೇ ಬಂದವರು ಯಾರೆಂದು ಹೇಳಿಬಿಡುತ್ತಾರೆ. ಗಂಡನ ಕೆಲಸದ ಬಗ್ಗೆ ಮಾತ್ರ ಅವರಿಗೆ ಅಷ್ಟಕ್ಕಷ್ಟೇ. "ಊರಿಗೆಲ್ಲ ಹೆಜ್ಜೆ ಹಂಚಿ ಬರ್ತಾರೆ. ಒಂದು ಕೊತ್ತಂಬರಿ ಕಟ್ಟು ತನ್ನಿ ಅಂದ್ರೆ ಕಾಲು ನೋವು" ಎನ್ನುವರು.

ಹೋದ ವರ್ಷ ಆ ಕಾಲು ನಿಜವಾಗಿಯೇ ನೋಯತೊಡಗಿತು. ಬಲ ಮಂಡಿ ಸವೆದುಹೋಗಿತ್ತು. ಆಪರೇಷನ್ ಆಯಿತು, ನೋವು ಕಡಿಮೆಯಾಯಿತು, ಆದರೆ ಕಾಲೆಳೆದು ನಡೆಯುವುದು ಉಳಿಯಿತು. ಮಾವ ಕೆಲಸಕ್ಕೆ ವಾಪಸ್ಸಾದಾಗ ಕಾವಲಿಗೆ ಅತ್ತೆಯೂ ಬರತೊಡಗಿದರು. ಮೆಟ್ಟಿಲಿಳಿಯುವಾಗ ಗಂಡನ ತೋಳು ಹಿಡಿದು, ಕೋಣೆಯ ಮೂಲೆಯಲ್ಲಿ ಕೂತು ಗುಂಡಿ ಹೊಲಿಯುವರು. ಸದ್ದು ಮಾಡಬೇಡಿ ಎಂದು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ.

ಆಗ ಬಂದದ್ದು ಕೋಟೆಯ ಸಿನಿಮಾ. ರಾಜನ ತಮ್ಮನೇ ಖಳನಾಯಕ. ಅಣ್ಣನನ್ನು ಬುರುಜಿನಲ್ಲಿ ಕೂಡಿಹಾಕಿ ಸಿಂಹಾಸನ ಹತ್ತಿ ಕೂರುತ್ತಾನೆ. ಚಿಕ್ಕಂದಿನಲ್ಲಿ ಕೋಟೆಗೋಡೆಯಿಂದ ಬಿದ್ದವನು, ಅದಕ್ಕೇ ಕುಂಟುತ್ತಾನೆ. ಮಾವ ಮೊದಲ ದಿನವೇ ಹಿಗ್ಗಿದರು. ಇಷ್ಟು ವರ್ಷ ನೆಟ್ಟಗಿನ ಕಾಲಿನಲ್ಲಿ ಕುಂಟಿದವರಿಗೆ ಈಗ ನಟನೆಯೇ ಬೇಕಿರಲಿಲ್ಲ. ಮೊಳೆ ಹೊಡೆದ ಬೂಟು ಹಾಕಿ ಎರಡು ತಿಂಗಳು ಇಡೀ ಕೋಟೆ ಸುತ್ತಿದರು. ಅವನು ಸಿಟ್ಟಿನಲ್ಲಿ ಶತಪಥ ಹಾಕುವುದು, ಕಳ್ಳ ಸುರಂಗದಲ್ಲಿ ಕಾಲಿಗೆ ಬುದ್ಧಿ ಹೇಳುವುದು, ಎಲ್ಲ ಬಂತು. ಕೇಳಿದರೆ ಆ ದುಷ್ಟನ ಮೇಲೆ ಅಯ್ಯೋ ಎನಿಸುವಂತಿತ್ತು.

ಉಳಿದದ್ದು ರಾಜನ ಹನ್ನೆರಡು ಹೆಜ್ಜೆ. ಬುರುಜಿನಿಂದ ತಪ್ಪಿಸಿಕೊಂಡು ಬಂದ ರಾಜ ಸಭಾಮಂಟಪದ ಉದ್ದಕ್ಕೂ ನಡೆದು ತಮ್ಮನ ಮುಂದೆ ನಿಲ್ಲಬೇಕು. ಸಂಗೀತವಿಲ್ಲ, ಮಾತಿಲ್ಲ, ಬರೀ ಹೆಜ್ಜೆ. ಕೊಲ್ಲುತ್ತಾನೋ ಕ್ಷಮಿಸುತ್ತಾನೋ ಆ ಸದ್ದಿನಲ್ಲೇ ಗೊತ್ತಾಗಬೇಕು ಎಂದು ನಿರ್ದೇಶಕ ಹಟ ಹಿಡಿದಿದ್ದ.

ಮಾವ ಮದುವೆಯ ಷೂ ಹಾಕಿ ಚಪ್ಪಡಿ ಹತ್ತಿದರು. ರಾಜ ಕುಂಟಿದ. ಹಲ್ಲು ಕಚ್ಚಿ ಇನ್ನೊಮ್ಮೆ ನಡೆದರು. ಮತ್ತೆ ಕುಂಟಿದ. ಷೂಗಳನ್ನು ಕೈಗೆ ಹಾಕಿಕೊಂಡು ಬಡಿದು ನೋಡಿದರು, ರಾಜನಿಗೆ ಭಾರವೇ ಬರಲಿಲ್ಲ. ನಾನು ನಡೆದೆ. "ಬಸ್ಸು ತಪ್ಪಿಸಿಕೊಂಡವನ ಹಾಗಿದೆ" ಎಂದರು ಮಾವ. ನಿರ್ದೇಶಕ ನಡೆದ. ಅವನಿಗೆ ಏನೂ ಹೇಳಲಿಲ್ಲ, ಹಣೆ ಒರೆಸಿಕೊಂಡರು ಅಷ್ಟೇ. ಮೂರು ದಿನ ಇದೇ ಆಯಿತು.

ಗುರುವಾರ ಬೆಳಿಗ್ಗೆ ನಿರ್ದೇಶಕ ನನ್ನನ್ನು ಹೊರಗೆ ಕರೆದ. "ನಾಳೆ ಸಿನಿಮಾ ಕಳಿಸಬೇಕು. ಇವತ್ತು ಮಧ್ಯಾಹ್ನದೊಳಗೆ ರಾಜ ಬರದೇ ಇದ್ರೆ ಕಂಪ್ಯೂಟರಲ್ಲಿರೋ ಹೆಜ್ಜೆ ಹಾಕಿಬಿಡ್ತೀನಿ. ಇಡೀ ಸಿನಿಮಾಗೆ. ಒಬ್ಬನಿಗೆ ಅದು, ಒಬ್ಬನಿಗೆ ಇದು ಅಂದ್ರೆ ತೇಪೆ ಹಾಕಿದ ಹಾಗೆ ಕೇಳ್ಸುತ್ತೆ."

"ಅಂದ್ರೆ ಮಾವನ ಎರಡು ತಿಂಗಳ ಕೆಲಸ?"

ಅವನು ನೆಲ ನೋಡಿದ. ಕೆಟ್ಟವನೇನಲ್ಲ. ಆದರೂ ಆಗ ಅವನ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಒಮ್ಮೆ ಕಂಪ್ಯೂಟರಿನ ಹೆಜ್ಜೆ ಒಳಗೆ ಬಂದರೆ ಮಾವನನ್ನು ಮತ್ತೆ ಯಾರೂ ಕರೆಯುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಒಳಗೆ ಹೋದೆ. ಮಾವ ಸ್ಟೂಲಿನ ಮೇಲೆ ಕೂತು ಷೂ ಬಿಚ್ಚುತ್ತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ವಿಷಯ ತಿಳಿಯಿತು.

"ಖಳನಾಯಕನಿಗೆ ಯಾವಾಗ್ಲೂ ಅರ್ಜೆಂಟು ಪುಟ್ಟಿ. ರಾಜನಿಗೆ ಅರ್ಜೆಂಟಿಲ್ಲ. ಅವನು ಬರೋ ತನಕ ಏನೂ ಶುರುವಾಗಲ್ಲ. ಅದು ಕಾಲಲ್ಲಿ ಗೊತ್ತಾಗ್ಬೇಕು. ಮುಂಚೆ ನನ್ನ ಕಾಲಲ್ಲಿತ್ತು" ಎಂದರು.

"ಇತ್ತು" ಎಂದರು ಮೂಲೆಯಿಂದ ಅತ್ತೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದರು. "ಆ ಷೂ ಇಲ್ಲಿ ಕೊಡಿ."

"ನಿನಗ್ಯಾಕೆ?"

"ಕೊಡಿ ಅಂದ್ರೆ ಕೊಡಿ."

ಅವರು ಎರಡೂ ಷೂಗಳ ಮೂತಿಗೆ ಚಿಂದಿ ತುರುಕಿ ಕಾಲು ತೂರಿಸಿದರು. ಚಪ್ಪಡಿ ಹತ್ತಿ ಒಂದು ಹೆಜ್ಜೆ ಇಟ್ಟು ನೋಡಿ, ತಲೆ ಆಡಿಸಿದರು. "ನಾನು ಹಗುರ ಆದೆ. ನೀವು ಆಗ ಇದ್ದಿದ್ದು ಎಂಬತ್ತು ಕೇಜಿ." ಆಮೇಲೆ ಮೈಕಿನ ಕಂಬಕ್ಕೆ ಒತ್ತಾಗಿ ಇಟ್ಟಿದ್ದ ಮರಳಿನ ಚೀಲಗಳಲ್ಲಿ ಎರಡನ್ನು ಬಗಲಲ್ಲಿ ಅವುಚಿಕೊಂಡರು. ರಾಜಠೀವಿ ಎನ್ನುವಂಥದ್ದೇನೂ ಅಲ್ಲಿ ಕಾಣಲಿಲ್ಲ. ಅವಳಿ ಕೂಸುಗಳನ್ನು ಎತ್ತಿಕೊಂಡು ರೇಷನ್ ಸಾಲಿನಲ್ಲಿ ನಿಂತವರ ಹಾಗೆ ಕಂಡರು.

"ನಿನ್ನ ಪರದೆ ಗಿರದೆ ನಾನು ನೋಡಲ್ಲ. ಇವರು ಮೆಟ್ಟಿಲು ಹತ್ತಿ ಬರ್ತಿದ್ದ ಹಾಗೆ ನಡೀತೀನಿ. ಹೊಂದಿಸ್ಕೊಳ್ಳೋದು ನಿನಗೆ ಸೇರಿದ್ದು" ಎಂದು ನನಗೆ ಹೇಳಿ, ಬಾಗಿಲಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿಕೊಂಡರು.

ರೆಕಾರ್ಡ್ ಗುಂಡಿ ಒತ್ತಿದ ಮೇಲೆ ನನಗೆ ನೆನಪಾಯಿತು. ಚಿತ್ರದಲ್ಲಿ ರಾಜ ಹನ್ನೊಂದು ಹೆಜ್ಜೆ ಇಟ್ಟು ಒಂದು ಗಳಿಗೆ ನಿಲ್ಲುತ್ತಾನೆ. ಕೊನೆಯ ಹೆಜ್ಜೆ ಆಮೇಲೆ. ಮೂರು ದಿನದಲ್ಲಿ ನಮ್ಮಲ್ಲಿ ಯಾರೂ ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಅದನ್ನು ಅತ್ತೆಗೆ ಹೇಳಲು ಮರೆತಿದ್ದೆ. ಈಗ ಬಾಯಿ ಬಿಡುವ ಹಾಗಿರಲಿಲ್ಲ.

ಅತ್ತೆ ನಡೆದರು. ಆ ಹೆಜ್ಜೆ ನನಗೆ ಗೊತ್ತಿತ್ತು. ನಾನು ಚಿಕ್ಕವಳಿದ್ದಾಗ ರಜಕ್ಕೆ ಅವರ ಮನೆಗೆ ಹೋದರೆ ಸಂಜೆ ಆ ಸದ್ದಿಗೇ ಬಾಗಿಲಿಗೆ ಓಡುತ್ತಿದ್ದೆ. ಹಿಮ್ಮಡಿ ಊರಿ, ಇಡೀ ಪಾದ ನಿಧಾನವಾಗಿ ನೆಲಕ್ಕೆ ಕೊಟ್ಟು, ಯಾರಿಗೂ ಹೆದರದ, ಯಾರನ್ನೂ ಹೆದರಿಸದ ನಡಿಗೆ. ಒಂಬತ್ತು, ಹತ್ತು, ಹನ್ನೊಂದು. ಅತ್ತೆ ನಿಂತರು. ಆಮೇಲೆ ಅವರು ಮೆಲ್ಲಗೆ, ಉಳಿದವುಗಳಿಗಿಂತ ಒಂದಿಷ್ಟು ಹಗುರಾಗಿ, ಕೊನೆಯ ಹೆಜ್ಜೆ ಇಟ್ಟರು. ಆ ರಾಜ ತಮ್ಮನನ್ನು ಕೊಲ್ಲಲು ಬಂದವನಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ಚಿತ್ರಕ್ಕೆ ಕೂಡಿಸಿ ಹಾಕಿದೆ. ಅಲ್ಲೊಂದು ಇಲ್ಲೊಂದು ಹೆಜ್ಜೆ ಕೂದಲೆಳೆಯಷ್ಟು ಸರಿಸಬೇಕಾಯಿತು. ನಿರ್ದೇಶಕ ಎರಡು ಸಲ ಕೇಳಿದ. "ಇದೇ ಇರ್ಲಿ. ಎಲ್ಲಾ ಇವರದ್ದೇ ಇರ್ಲಿ" ಎಂದು ಹೇಳಿ, ಕನ್ನಡಕ ಒರೆಸಿಕೊಳ್ಳುತ್ತ ಹೊರಗೆ ಹೋದ. ಅವನ ಮೇಲಿದ್ದ ಕೋಪ ಅಲ್ಲಿಗೆ ಮುಗಿಯಿತು.

ಮಾವ ಮಾತ್ರ ಸ್ಟೂಲಿನಿಂದ ಏಳಲಿಲ್ಲ. "ಅದು ನಂದು" ಎಂದರು. "ಅದು ನನ್ನ ನಡಿಗೆ ಕಣೇ."

"ಮತ್ತೆ ಯಾರದ್ದು? ಮೂವತ್ತೊಂದು ವರ್ಷ ಬೆನ್ನು ಹಾಕ್ಕೊಂಡು ಅದನ್ನೇ ತಾನೆ ಕೇಳಿದ್ದು."

ನಾನು ಕೇಳಿದೆ, "ಅತ್ತೆ, ಕೊನೇ ಹೆಜ್ಜೆಗೆ ಮುಂಚೆ ನಿಲ್ಲಬೇಕು ಅಂತ ನಿಮಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಇವರು ದಿನಾ ನಿಲ್ತಿದ್ರು, ಮೇಲಿನ ಮೆಟ್ಟಿಲಲ್ಲಿ. ಮೂರು ಮಹಡಿ ಹತ್ತಿದ್ದಕ್ಕೆ ಉಸಿರು ತಗೋತಿದ್ರು."

"ಉಸಿರಿಗಲ್ಲ" ಎಂದರು ಮಾವ. "ನಿನ್ನ ಮಷಿನ್ ಸದ್ದು ಕೇಳ್ತಿದ್ದೆ. ನಿಧಾನಕ್ಕೆ ಓಡ್ತಿದ್ರೆ ಎಲ್ಲ ಸರಿ ಇದೆ ಅಂತ. ಜೋರಾಗಿ ಓಡ್ತಿದ್ರೆ ನಿನಗೆ ಕೋಪ ಅಂತ."

ಅತ್ತೆ ಮರಳಿನ ಚೀಲಗಳನ್ನು ಕೆಳಗಿಟ್ಟರು. "ಕೋಪ ಇದ್ರೆ ಏನ್ಮಾಡ್ತಿದ್ರಿ?"

"ಕೆಳಗಿಳಿದು ಹೋಗಿ, ಇನ್ನೊಂದ್ಸಲ ಹತ್ತುತ್ತಿದ್ದೆ."

ಅತ್ತೆ ಆ ದೊಡ್ಡ ಷೂಗಳಲ್ಲೇ ಸ್ಟೂಲಿನ ಹತ್ತಿರ ಬಂದು ಗಂಡನ ಸವೆದ ಮಂಡಿಯ ಮೇಲೆ ಕೈಯಿಟ್ಟರು.

"ಕೆಲವು ದಿನ ಎರಡೆರಡು ಸಲ ಕೇಳ್ಸೋದು" ಎಂದರು. "ನಾನು ಅದನ್ನ ಲೆಕ್ಕಕ್ಕೇ ತಗೊಂಡಿರ್ಲಿಲ್ಲ."