ದುರ್ಗಿ ಕಾಸಿದ ರಂಗೂನು ಚಹ

ನಮ್ಮ ಹಿರೇಗುತ್ತಿಯಲ್ಲಿ ರಂಗೂನು ಕಂಡ ಹೆಂಗಸೆಂದರೆ ನನ್ನ ಪಕ್ಕದ ಮನೆಯ ದುರ್ಗಿ ಒಬ್ಬಳೇ. ಅಲ್ಲಿ ಬಾಂಬು ಬಿದ್ದಾಗ ಗಂಡ ಮಾಸ್ತಿ ಅವಳನ್ನು ಹಡಗು ಹತ್ತಿಸಿ, "ಮುಂದಿನ ಹಡಗಿಗೆ ನಾ ಬರ್ತೆ" ಎಂದನಂತೆ. ನಾಲ್ಕು ವರ್ಷವಾಯಿತು, ಯುದ್ಧವೂ ಮುಗಿಯಿತು. ಅವನಿಂದ ಒಂದು ಕಾಗದವಿಲ್ಲ.

ಅವಳು ತಂದದ್ದು ಒಂದು ಡಬ್ಬಿ ಹಸಿರು ಚಹದೆಲೆ. ಅತ್ತೆ ಗಂಗಮ್ಮ ಅದಕ್ಕೆ ಬೆಲ್ಲ ಹಾಕಿ, ಗಳಗಳ ಕುದಿಸಿ, ಹಾಲು ಹೊಯ್ದು ಬಾಯಿಗಿಟ್ಟವಳೇ, "ಥೂ, ಇದೆಂತ ಚಾ! ಸೊಪ್ಪು ಬೇಯ್ಸಿದ ನೀರು" ಎಂದು ತೆಂಗಿನ ಬುಡಕ್ಕೆ ಚೆಲ್ಲಿದಳು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ದುರ್ಗಿ ನಗಲಿಲ್ಲ. ಆಮೇಲೆ ಡಬ್ಬಿಯನ್ನು ನಮ್ಮ ಮನೆಯಲ್ಲಿಟ್ಟು, ಎಂದಾದರೊಮ್ಮೆ ಬಂದು ಬಿಸಿನೀರಿಗೆ ಒಂದು ಚಿಟಿಕೆ ಹಾಕಿ ಮುಚ್ಚಿಡುತ್ತಿದ್ದಳು.

ನನಗೂ ಒಂದು ಗುಟುಕು ಕೊಟ್ಟಳು. ಮೊದಲು ಒಣಹುಲ್ಲಿನ ವಾಸನೆ, ನಾಲಿಗೆಯ ಮೇಲೆ ಬರೀ ಒಗರು. ಮುಖ ಸಿಂಡರಿಸಿದೆ. "ನುಂಗಿ ಸುಮ್ನೆ ಕೂತ್ಕ" ಎಂದಳು. ಸ್ವಲ್ಪ ಹೊತ್ತಿಗೆ, ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ, ಗಂಟಲಿನ ತಳದಿಂದ ಸಿಹಿ ಎದ್ದಿತು. ಅಯ್ಯೋ, ಎಷ್ಟು ಹಿತವಾಯಿತು ಅಂತೀರಿ!

ಅವಳ ಬಾಳಿನಲ್ಲಿ ಹಿತವೆನ್ನುವುದು ಅದೊಂದೇ. ಮುತ್ತೈದೆಯರು ಅರಿಸಿನ ಕುಂಕುಮಕ್ಕೆ ಕರೆಯುವುದಿಲ್ಲ, ವಿಧವೆ ಎನ್ನಲು ಅವಳು ಬಿಡುವುದಿಲ್ಲ. ತವರಿಗೆ ಹೋಗುತ್ತೇನೆಂದರೆ, "ಗಂಡ ಬಂದು ಕಳಸ್ಲಿ" ಎನ್ನುತ್ತಾರೆ. ಗಂಗಮ್ಮನದು ಬೇರೆಯೇ ಗೋಳು. ಮಗ ಸತ್ತಿದ್ದರೆ ಬೊಗಸೆ ನೀರಾದರೂ ಬಿಡಬೇಡವೇ? ಸೊಸೆ ಬಳೆ ತೆಗೆಯದೆ ಅದೂ ಆಗದು.

ಈ ಬೇಸಿಗೆಯಲ್ಲಿ ಮೈದುನ ತಿಮ್ಮಪ್ಪ ಹೊನ್ನಾವರದಿಂದ ಪಾಂಡು ಎಂಬವನನ್ನು ಕರೆತಂದ. ರಂಗೂನಿನಿಂದ ಬಂದವನಂತೆ. ಮಾಸ್ತಿ ಜ್ವರದಲ್ಲಿ ಸತ್ತ, ತಾನೇ ಮಣ್ಣು ಮಾಡಿದೆ ಎಂದ. ಗಂಗಮ್ಮ ಎದೆ ಬಡಿದುಕೊಂಡು ಅತ್ತಳು. ಮರುದಿನವೇ ಕಾರ್ಯ ಎಂದು ತಿಮ್ಮಪ್ಪ ಸಾರಿಬಿಟ್ಟ. ಅವನ ಅವಸರ ಕಂಡು ನನಗೆ ಮೈಯೆಲ್ಲ ಉರಿಯಿತು.

ದುರ್ಗಿ ನನ್ನ ಅಡುಗೆಮನೆಗೆ ಓಡಿಬಂದಳು. "ಇಂವ ತಿಮ್ಮಪ್ಪ ಕಲಿಸಿ ತಂದ ಸಾಕ್ಷಿ. ಅವ್ರ ಸಂಗ್ತಿಗೆ ಕೂತು ಚಾ ಕುಡಿದಂವ ಆದ್ರೆ ಒಂದು ಮಾತು ಹೇಳ್ಲೇಬೇಕು. ಸುಳ್ಳ ಆದ್ರೆ ಚಲೋ ಅದೆ ಅಂತ ಕುಡ್ದು ಲೋಟ ಇಡ್ತಾ." ಆ ಮಾತು ಯಾವುದೆಂದು ನನಗೂ ಹೇಳಲಿಲ್ಲ. ಡಬ್ಬಿ ಕೊಡವಿ ಉಳಿದ ಎಲೆಯನ್ನೆಲ್ಲ ನೀರಿಗೆ ಹಾಕಿದಳು. ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಜಗುಲಿಯಲ್ಲಿ ಎಲ್ಲರೆದುರು ಪಾಂಡು ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿ ಸುಮ್ಮನೆ ಕುಳಿತ, ಗಂಟಲಿನ ಸಿಹಿಗೆ ಕಾದ. ಈ ಚಹ ಕುಡಿದು ಗೊತ್ತಿದ್ದವರಷ್ಟೇ ಹಾಗೆ ಕೂರುವುದು.

"ಅದೇ ಚಾ," ಎಂದ, "ಎಲೆ ಹಳೇದಾಗದೆ. ಮತ್ತೆ, ಉಪ್ಪು ಹಾಕ್ಲಿಲ್ಲ ನೀವು. ಮಾಸ್ತಿ ಸೊಂಟದ ಚೀಲದಿಂದ ಎರಡು ಹರಳು ತೆಗ್ದು ತನ್ನ ಲೋಟಕ್ಕೊಂದು, ನನ್ನ ಲೋಟಕ್ಕೊಂದು ಹಾಕ್ತಿದ್ದ. ಸಾಣಿಕಟ್ಟೆ ಉಪ್ಪಿನ ಗದ್ದೇಲಿ ದುಡಿದ ನಾಲ್ಗೆ, ಉಪ್ಪಿಲ್ದೆ ಸಿಹಿ ತಿಳೂದಿಲ್ಲ ಅಂತಿದ್ದ."

ನೆನಪಾಯಿತಲ್ಲ ಎಂಬ ಖುಷಿ ಅವನಿಗೆ. ದುರ್ಗಿಯ ಕಡೆ ನೋಡಿ ನಕ್ಕ.

ದುರ್ಗಿ ಅವನ ಕೈಯಿಂದ ಲೋಟ ತೆಗೆದುಕೊಂಡಳು. "ಚಲೋ ಅದೆ ಅಂತ ಕುಡ್ದು ಹೋಗಿದ್ರೆ ನಿಮ್ಮ ಗಂಟೆಂತ ಹೋಗ್ತಿತ್ತು, ಪಾಂಡಣ್ಣಾ?"